ಮಿನೆಗಿಶಿಗೆ ಕಮಲಾಪುರದ ಶ್ರದ್ಧಾಂಜಲಿ

“ಹೆತ್ತಪ್ಪ ಸತ್ತಾಗ ಒಂದು ಗೇಣು ಫ್ಲೆಕ್ಸ್ ಕಟ್ಟಲಿಲ್ಲ. ಈಗ ನೋಡ್ರೀ, ಇನ್ನಾ ಸಾಯದೇ ಇರೋ ಜಪಾನ್‌ದಾಂವಗ ಹತ್ತು ಫೂಟಿನ ಶ್ರದ್ಧಾಂಜಲಿ! ಇಂವಾ ಮಗ ಏನ್ರೀ? ಇಂಥಾವನ್ನ ಅದೇ ಫ್ಲೆಕ್ಸಿನ್ಯಾಗ ಸುತ್ತಿ ಒಗೀಬೇಕು.”

ನೀಲಕಂಠ ಕಾಕಾ ಇದನ್ನು ಹೇಳಿದ್ದು ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಬೆಳಗಿನ ಚಹಾಕ್ಕೆ ನಿಂತವರಿಗೆಲ್ಲ ಕೇಳುವ ಹಾಗೆ, ಒಂದು ಕೈಯಲ್ಲಿ ಚಹಾದ ಬಸಿ ಹಿಡಿದು ಇನ್ನೊಂದನ್ನು ಕ್ಯಾಂಟೀನಿನ ಮೇಲಿನ ಕಬ್ಬಿಣದ ಚೌಕಟ್ಟಿನ ಕಡೆ ಎತ್ತಿ. ಎಲ್ಲರೂ ಮೇಲೆ ನೋಡಿದರು. ಸುನೀಲಕುಮಾರನೂ ನೋಡಿದ, ಮೊನ್ನೆ ತಾನೇ ಏಣಿ ಹತ್ತಿ ಕಟ್ಟಿದ್ದನ್ನು ಮೊದಲ ಸಲ ಕಾಣುವವನ ಹಾಗೆ. ಕಪ್ಪು ಬಿಳುಪಿನ ಒಬ್ಬ ಮುದುಕ ಅಲ್ಲಿಂದ ಕೆಳಗೆ ನೋಡುತ್ತಿದ್ದ. ಎರಡೂ ಬದಿಗೆ ದೀಪ, ಕೊರಳಿಗೆ ಕಂಪ್ಯೂಟರಿನ ಮಲ್ಲಿಗೆ ಹಾರ. ಭಾವಪೂರ್ಣ ಶ್ರದ್ಧಾಂಜಲಿ. ಖ್ಯಾತ ಜಪಾನಿ ಕಾದಂಬರಿಕಾರ ಸೊಹೇ ಮಿನೆಗಿಶಿ. ಮತ್ತೆ ಹುಟ್ಟಿ ಬನ್ನಿ. ಶೋಕತಪ್ತ: ಒಬ್ಬ ಓದುಗ, ಕಮಲಾಪುರ. ರಾತ್ರಿಯ ಗಾಳಿಗೆ ಒಂದು ಮೂಲೆಯ ದಾರ ಸಡಿಲಾಗಿ ಮುದುಕನ ಎಡಗೆನ್ನೆ ಉಬ್ಬುತ್ತ ಇಳಿಯುತ್ತ, ಅವನು ಬಾಯಲ್ಲಿ ಏನನ್ನೋ ಇಟ್ಟುಕೊಂಡು ಚಪ್ಪರಿಸುತ್ತಿದ್ದಾನೆ ಅನ್ನಿಸುತ್ತಿತ್ತು. “ಕಾಕಾ, ಆ ಮುದುಕಾ ನಿನ್ನಿ ನನ್ನ ಮೊಬೈಲ್‌ನ್ಯಾಗ ಶೇವಗಿ ತಿನ್ನಾಕತ್ತಿದ್ದಾ,” ಎಂದ ಆಮಿರ್, ಡಿಗ್ರಿ ಓದುವ ಹುಡುಗ. ಮಿನೆಗಿಶಿ ಬದುಕಿದ್ದಾನೆಂಬುದನ್ನು ಊರಿಗೆಲ್ಲ ಹುಡುಕಿ ಕೊಟ್ಟವನು ಅವನೇ. “ಬಟ್ಟಲಾ ಎತ್ತಿ ಸೊರ್ರ್ ಅಂತ ಕುಡದಾ.” ನಗು ಚಹಾದ ಕಟ್ಟೆಯಿಂದ ಹೊರಟು ಡ್ರೈವರುಗಳ ಬೆಂಚಿಗೆ, ಅಲ್ಲಿಂದ ನಿಂತ ಬಸ್ಸಿನ ಕಿಟಕಿಗಳಿಗೆ ಏರಿತು.

“ನಾಳಿ ನಮ್ಮಣ್ಣಂದು ವರ್ಷ,” ಎಂದ ಕಾಕಾ, ಈಗ ನಗುವವರನ್ನು ಬಿಟ್ಟು ಸುನೀಲನಿಗೇ. “ಸಂಜೀ ಬಸ್ಸಿಗಿ ಅವನ ಫ್ಲೆಕ್ಸ್ ತಂದಿ, ಛಲೋ. ತರ್ಲಿಲ್ಲಂದ್ರ ನಾ ಮಾಡಿಸ್ತೇನಿ. ಆಧಾರ್ ಕಾರ್ಡಿನ ಫೋಟೋ ಅದ ನನ್ನ ಹಂತ್ಯಾಕ. ಕೆಳಗ ನಂದೂ ಒಂದು ಹಾಕಸ್ತೇನಿ.” ಕಾಕಾನ ಆ ಒಂದು ಫೋಟೋ ಸುನೀಲನಿಗೆ ಗೊತ್ತು. ಕಪ್ಪು ಕನ್ನಡಕ, ಕಿವಿಗೆ ಫೋನು. ಯಾರ ಹುಟ್ಟುಹಬ್ಬವಿರಲಿ, ಯಾರ ತಿಥಿಯಿರಲಿ, ಫ್ಲೆಕ್ಸಿನ ಕೆಳಸಾಲಿನಲ್ಲಿ ಅದೇ ಕಾಕಾ ಅದೇ ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾನೆ. ಸುನೀಲನ ಹಲ್ಲು ಒಂದರ ಮೇಲೊಂದು ಕೂತವು. ಕಾಕಾನ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಅವ್ವ ಕಂಡಳು. ಅಂಬಮ್ಮ ಕ್ಯಾಂಟೀನಿನ ಪಕ್ಕದ ತನ್ನ ಜಾಗದಲ್ಲಿ, ಅಪ್ಪ ಕೂಡುತ್ತಿದ್ದ ಅದೇ ಜಾಗದಲ್ಲಿ, ಬುಟ್ಟಿಯ ಕೆಂಪು ಬಾಳೆಹಣ್ಣುಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸುತ್ತಿದ್ದಳು. ಮೈದುನನ ಮಾತು ಕೇಳುತ್ತ, ಒರೆಸಿದ ಹಣ್ಣನ್ನೇ ಮತ್ತೆ ಒರೆಸಿದಳು. ತಿಂಗಳ ಹಿಂದೆ, ರೊಟ್ಟಿ ತಟ್ಟುತ್ತ, ಗೋಡೆಗೆ ಹೇಳುವವಳ ಹಾಗೆ ಅಂದಿದ್ದಳು: “ವರ್ಷಕ್ಕರೇ ನಾಲ್ಕು ಮಂದಿಗಿ ಕಾಣೋಹಂಗ ಒಂದು ಹಾಕಪ್ಪಾ. ಊರವ್ರಿಗೆಲ್ಲಾ ಹಾಕ್ತಿ.” ಅಷ್ಟೇ. ಮತ್ತೆ ಕೇಳಿರಲಿಲ್ಲ. ಈಗಲೂ ಎರಡು ಹಣ್ಣನ್ನು ಪೇಪರಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟು, “ಬಸ್ ಬಂತು ನೋಡು,” ಎಂದಳು.

ಕಿಟಕಿಯ ಪಕ್ಕ ಕೂತ. ಹಣ್ಣಿನವರು ಕಿಟಕಿಗಳ ಕೆಳಗೆ ಓಡಾಡುತ್ತಿದ್ದರು, ಕೈ ಮೇಲಕ್ಕೆ, ಕೈಯಲ್ಲಿ ಹಣ್ಣಿನ ಚಿಪ್ಪು. ಅಪ್ಪ ಎತ್ತರದವನಲ್ಲ, ಹೆಬ್ಬೆರಳ ಮೇಲೆ ನಿಂತು ಕೈ ಎತ್ತುತ್ತಿದ್ದ, ಮೊದಲು ಹಣ್ಣು ಕಾಣುತ್ತಿತ್ತು, ಆಮೇಲೆ ಬೆರಳು, ಆಮೇಲೆ ಬೋಳುತಲೆ. ಮಗ ಕೂತ ಕಿಟಕಿಗೆ ದಿನಾ ಬಂದು, ಗುರುತೇ ಇಲ್ಲದವನ ಹಾಗೆ, “ತಗೋರಿ ಸಾಹೇಬ್ರ, ಕಮಲಾಪುರದ ಕೆಂಪು ಬಾಳಿ, ತಿಂದ್ರ ಕಲಬುರಗಿ ಬರೋತನಕ ಬಾಯಾಗ ಇರ್ತದ,” ಎನ್ನುತ್ತಿದ್ದ. ಸುನೀಲ ಸಾಹೇಬನಾಗಿ ಮುಖ ಗಂಟಿಕ್ಕಿ, “ಬ್ಯಾಡಪಾ, ನಿನ್ನೀವು ಹುಳಿ ಇದ್ದವು,” ಎನ್ನುತ್ತಿದ್ದ. “ಹುಳಿ ಅಂದವರ ಬಾಯಿ ಹುಳಿ,” ಎಂದು ಅಪ್ಪ ಮುಂದಿನ ಕಿಟಕಿಗೆ. ಅಕ್ಕಪಕ್ಕದವರು ನಿಜವೆಂದೇ ತಿಳಿಯುತ್ತಿದ್ದರು. ಬಸ್ಸು ಹೊರಟಮೇಲೆ ಅಪ್ಪ ಹಿಂದೆ ನಿಂತು ನಗುತ್ತಿದ್ದನೋ ಇಲ್ಲವೋ ಅವನು ಎಂದೂ ತಿರುಗಿ ನೋಡಿರಲಿಲ್ಲ. ಈಗ ನೋಡಿದ. ಧೂಳಿನಲ್ಲಿ ಮಿನೆಗಿಶಿ ಕಂಡ, ಸಣ್ಣಗಾಗುತ್ತ, ಕೆನ್ನೆ ಉಬ್ಬಿಸುತ್ತ. ಬಸ್ಸು ದಡ ಬಿಟ್ಟ ಹಾಗಾಯಿತು. ಎರಡೂ ಬದಿಯ ಕಪ್ಪು ಹೊಲ ನೀರಾಯಿತು. ತೊಗರಿಯ ಸಾಲು ಅಲೆಯಾಗಿ ಒಂದರ ಹಿಂದೊಂದು ಬಂದು ಟಯರಿಗೆ ಬಡಿಯಿತು. ಕಂಡಕ್ಟರ್ ಟಿಕೆಟ್ ಹರಿದು ಕೊಡುವಾಗ ಅವನ ಬೆರಳು ಚಳಿಗೆ ಒಡೆದಿರುವಂತೆ ಕಂಡಿತು, ಉತ್ತರದ ಬಂದರಿನಲ್ಲಿ ಹಿಮ ಬೀಳುವಾಗ ಟಿಕೆಟ್ ಹರಿಯುವವನ ಬೆರಳಿನ ಹಾಗೆ.

ಮಿನೆಗಿಶಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಏಳು ಸಾಲು, ಕನ್ನಡಕ್ಕೆ ಅನುವಾದವಾದ ಕಾದಂಬರಿಯ ಹಿಂಬದಿಗೆ ಅಚ್ಚಾದ ಏಳು ಸಾಲು. ಜಪಾನಿನ ಉತ್ತರ ತೀರದ ಸಣ್ಣ ಬಂದರಿನಲ್ಲಿ ಹುಟ್ಟಿದರು. ಹದಿನೈದಕ್ಕೆ ಶಾಲೆ ಬಿಟ್ಟರು. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸ ಮಾಡಿದರು. ಮೂವತ್ತಾರಕ್ಕೆ ಮೊದಲ ಕಾದಂಬರಿ. ಅದಕ್ಕೆ ಬಂದ ದೊಡ್ಡ ಪ್ರಶಸ್ತಿಯ ಸಮಾರಂಭಕ್ಕೆ ಹೋಗಲಿಲ್ಲ. ಹತ್ತು ಕಾದಂಬರಿ ಬರೆದಿದ್ದಾರೆ. ಸಂದರ್ಶನ ಕೊಡುವುದಿಲ್ಲ. ಈ ಏಳು ಸಾಲಿನ ನಡುವೆ ಎಷ್ಟು ಜಾಗವಿತ್ತೋ ಅಲ್ಲೆಲ್ಲ ಸುನೀಲ ಮನೆ ಕಟ್ಟಿದ್ದ. ಶಾಲೆ ಬಿಟ್ಟದ್ದು ಯಾಕೆ? ತನ್ನ ಹಾಗೆಯೇ, ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರನೊಬ್ಬ ಬಾಳೆಹಣ್ಣಿನ ಬುಟ್ಟಿಯ ಮಾತೆತ್ತಿ ಇಡೀ ವರ್ಗವನ್ನು ನಗಿಸಿದಾಗ, ಪಾಟಿಚೀಲವನ್ನು ಬೆಂಚಿನ ಮೇಲೇ ಬಿಟ್ಟು ಎದ್ದು ಬಂದಿರಬೇಕು. ಅಲ್ಲಿ ಅದು ಮೀನಿನ ಬುಟ್ಟಿ, ಅಷ್ಟೇ ಫರಕು. ಪ್ರಶಸ್ತಿಗೆ ಯಾಕೆ ಹೋಗಲಿಲ್ಲ? ಸಿಟ್ಟಿಗೆ. ಕೋಟು ಹಾಕಿಕೊಂಡ ಮಂದಿ ಸಾಲಾಗಿ ಕೂತು, ಟಿಕೆಟ್ ಹರಿಯುವವನು ಬರೆದನಂತೆ ಎಂದು ಚಪ್ಪಾಳೆ ತಟ್ಟುವುದನ್ನು ನೋಡಲಾರದೆ, ಆ ದಿನ ದೋಣಿಕಟ್ಟೆಗೇ ಹೋಗಿ, ತನಗೆ ಬಂದ ಆಮಂತ್ರಣವನ್ನು ಟಿಕೆಟ್ಟಿನ ಹಾಗೆ ಅರ್ಧಕ್ಕೆ ಹರಿದು, ಒಂದು ತುಂಡನ್ನು ಸಮುದ್ರಕ್ಕೆ ಕೊಟ್ಟಿರಬೇಕು. ಸುನೀಲನ ಮಿನೆಗಿಶಿ ತೆಳ್ಳಗಿದ್ದ. ನಗುತ್ತಿರಲಿಲ್ಲ. ಅವನ ಆ ಕಾದಂಬರಿಯಲ್ಲಿ ಒಬ್ಬ ಮನುಷ್ಯ ಪ್ರತಿ ಸಂಜೆ ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತಾನೆ, ಇಳಿಯುವುದಿಲ್ಲ, ಅದೇ ದೋಣಿಯಲ್ಲಿ ವಾಪಸ್ ಬರುತ್ತಾನೆ. ಮುನ್ನೂರು ಪುಟ ಇಷ್ಟೇ. ಅದನ್ನು ಓದುತ್ತ ಸುನೀಲ ಎಷ್ಟೋ ಸಲ ತನ್ನ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತಿದ್ದ.

ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಿತು. ಒಬ್ಬಾಕೆ ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತು ಹತ್ತಿದಳು. ಪುಸ್ತಕ ಅವನಿಗೆ ಸಿಕ್ಕದ್ದೂ ಫ್ಲೆಕ್ಸಿನ ದೆಸೆಯಿಂದಲೇ. ಅನುವಾದದ ಬಿಡುಗಡೆಗೆ ಬ್ಯಾನರ್ ಮಾಡಿಸಲು ನಾಗರತ್ನಾ ಮೇಡಂ ಅವನು ಕೆಲಸ ಮಾಡುವ ಕಲಬುರಗಿಯ ಫ್ಲೆಕ್ಸ್ ಅಂಗಡಿಗೆ ಬಂದಿದ್ದರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. ಅವನು ಅಕ್ಷರ ಕೂಡಿಸಿದ ರೀತಿ ಮೆಚ್ಚಿ ಒಂದು ಪ್ರತಿ ಕೊಟ್ಟರು, ಮೊಬೈಲಿನ ಓದುಗರ ಗುಂಪಿಗೂ ಸೇರಿಸಿದರು. ಒಂದು ಭಾನುವಾರ ಆ ಪುಸ್ತಕದ ಮೇಲೆ ಚರ್ಚೆ ಇಟ್ಟಾಗ ಹೋಗಿದ್ದ. ಎಲ್ಲರೂ ಮಾತಾಡಿದ ಮೇಲೆ ಎದ್ದು, ಆ ಮನುಷ್ಯ ಯಾಕೆ ಇಳಿಯುವುದಿಲ್ಲ ಅಂದರೆ ಆಚೆ ದಡದಲ್ಲಿ ಅವನನ್ನು ಕಾಯುವವರು ಸತ್ತಿದ್ದಾರೆ, ಇಳಿದರೆ ಅದು ಖರೇ ಆಗುತ್ತದೆ, ಎಂದ. ಮುಂದಿನ ಸಾಲಿನ ಒಬ್ಬರು ಹಿಂದೆ ತಿರುಗಿ, ಬಹಳ ಮರ್ಯಾದೆಯಿಂದ, “ತಾವು ಯಾವ ಕಾಲೇಜಿನವ್ರು?” ಎಂದು ಕೇಳಿದರು. ಅವನು ಬಾಯಿ ತೆರೆಯುವುದರೊಳಗೆ ನಾಗರತ್ನಾ ಮೇಡಂ, “ನಮ್ಮ ಬ್ಯಾನರ್ ಮಾಡ್ತಾರಲ್ರೀ, ಅವ್ರು. ಭಾಳ ಆಸಕ್ತಿ ಅದ,” ಎಂದು ನಕ್ಕರು. ಎಲ್ಲರೂ ಗೋಡೆಯ ಬ್ಯಾನರನ್ನು ನೋಡಿದರು. ಚೆನ್ನಾಗಿದೆ ಎಂದರು. ಆಸಕ್ತಿ ಎಂಬ ಆ ಮಾತು ಇವತ್ತಿಗೂ ಹಲ್ಲುಸಂದಿಯ ನಾರಿನ ಹಾಗೆ ಇತ್ತು. ಅಪ್ಪ ಆಗ ಬದುಕಿದ್ದ. ರಾತ್ರಿ ಊಟಕ್ಕೆ ಕೂತಾಗ, “ಮೀಟಿಂಗ್ ಹ್ಯಾಂಗಾಯ್ತ್ರಿ ಸಾಹೇಬ್ರ?” ಎಂದು ಕೇಳಿದ್ದ. ಚಲೋ ಆಯಿತು ಎಂದಿದ್ದ ಸುನೀಲ.

ತಪ್ಪು ಆದದ್ದು ಹೀಗೆ. ಅಂಗಡಿಗೆ ಸೇರಿದ ಮೊದಲ ದಿನ ಮಾಲೀಕ ಚಾಂದಪಾಶಾ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹೇಳಿದ್ದು ಒಂದೇ ಪಾಠ: “ನೋಡ್ ಮಿಯಾ, ಬದುಕಿದವ್ರು ಕಲರ್, ಸತ್ತವ್ರು ಬ್ಲಾಕ್ ಅಂಡ್ ವೈಟ್. ಬಾಕಿ ಎಲ್ಲಾ ಗಲತಿ ಮಾಫ್. ಇದರಾಗ ಗಲತಿ ಆಯ್ತಂದ್ರ ಅಂಗಡಿ ಮ್ಯಾಲ ಕಲ್ಲು ಬೀಳ್ತಾವ್.” ಆರು ವರ್ಷದಲ್ಲಿ ಅವನ ಕಣ್ಣು ಆ ಪಾಠದ ಹಾಗೆಯೇ ಬೆಳೆದಿತ್ತು. ಕಪ್ಪು ಬಿಳುಪಿನ ಮುಖ ಕಂಡರೆ ಕೈ ತಾನಾಗಿಯೇ ದೀಪ ಹುಡುಕುತ್ತಿತ್ತು. ಮೊನ್ನೆ ಗುಂಪಿನಲ್ಲಿ ಮಿನೆಗಿಶಿಯ ಫೋಟೋ ಬಂತು, ಅವನು ಹಿಂದೆಂದೂ ನೋಡಿರದ ಮುಖ, ಕಪ್ಪು ಬಿಳುಪು. ಕೆಳಗೆ ಹುಟ್ಟಿದ ವರ್ಷದಿಂದ ಹಿಡಿದು ಕೊನೆಯ ಕಾದಂಬರಿಯ ತನಕ ಉದ್ದದ ಬರಹ. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಹೊಸದು ಬಂದಿದೆ, ಇದೇ ಕೊನೆ, ಇನ್ನು ಬರೆಯುವುದಿಲ್ಲವೆಂದು ಅವರೇ ಹೇಳಿದ್ದಾರೆ ಅಂತ ಆ ಬರಹದಲ್ಲಿತ್ತು. ಸುನೀಲ ಅಲ್ಲಿಗೆ ಹೋಗಲೇ ಇಲ್ಲ. ಮುಖ ನೋಡಿದ, ಮುಗಿದ ಕೈ ನೋಡಿದ, ಫೋನನ್ನು ಬೋರಲು ಹಾಕಿದ. ಅತ್ತ. ಪ್ರಿಂಟಿಂಗ್ ಮಶೀನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪನ ಹೆಣದ ಮುಂದೆ, ಬಂದವರು “ಅಳಪಾ, ಅತ್ತುಬಿಡು” ಎಂದು ಬೆನ್ನು ತಟ್ಟಿದಾಗಲೂ ಒಣಗಿಯೇ ಇದ್ದ ಕಣ್ಣು ಅವು. ಎಲ್ಲಿಂದ ಬಂತೋ ನೀರು. ಮಿನೆಗಿಶಿಗಾಗಿ ಬಂತು, ಆಮೇಲೆ ಯಾರಿಗಾಗಿ ಬರುತ್ತಿದೆಯೆಂದು ತಿಳಿಯದೆ ಬಂತು, ನಿಲ್ಲುವುದರೊಳಗೆ ಅವನ ಕೈ ದೀಪ, ಹಾರ, ದಿನಾಂಕ ಎಲ್ಲ ಹಾಕಿ ಮುಗಿಸಿತ್ತು.

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಶಾಯಿಯ ಘಾಟು ಮೂಗಿಗೆ ಬಂತು; ಮಶೀನಿನ ಬಾಯಿಂದ ಯಾರದೋ ಹುಟ್ಟುಹಬ್ಬ ಹಣೆಯಿಂದ ಕೆಳಕ್ಕೆ ನಿಧಾನವಾಗಿ ಹೊರಬರುತ್ತಿತ್ತು. ಚಾಂದಪಾಶಾ ಎದ್ದು ನಿಂತು ಎರಡೂ ಕೈ ಮುಗಿದ. “ಆಯಿಯೇ ಯಮರಾಜ್ ಸಾಬ್! ಇವತ್ತ್ ಯಾರ್ನ ಕರ್ಕೊಂಡ್ ಹೋಗ್ತೀರಿ? ನಾ ಈಗ ನಾಷ್ಟಾ ಮಾಡೀನಿ, ಸಂಜಿತನಕ ಬಿಡ್ರಿ.” ನಗಬೇಕಿತ್ತು. ಸುನೀಲ ನಗಲಿಲ್ಲ. ಚಾಂದಪಾಶಾ ಅವನ ಮುಖ ನೋಡಿ ದನಿ ಇಳಿಸಿದ. “ಛೋಡ್ ರೇ. ಆ ಮುದುಕಂದು ಆಯಸ್ಸು ಹೆಚ್ಚಾಯ್ತು ಬಿಡು. ನಮ್ಮ ಕಡಿ ಹಂಗೇ ಅಂತಾರ.” ಆಮೇಲೆ, “ನಾಳಿ ನಿಮ್ಮ ಅಬ್ಬಾಂದು ಬರ್ಸಿ ಅಲ್ಲಾ? ಮಶೀನ್ ಖಾಲಿ ಇಡ್ತೀನಿ, ಮಾಡ್ಕೋ,” ಎಂದ. ಅವನಿಗೆ ಹೇಗೆ ನೆನಪಿತ್ತೋ. ಸುನೀಲ ತಲೆಯಾಡಿಸಿ ಕೂತ.

ಮಧ್ಯಾಹ್ನಕ್ಕೆ ನಾಗರತ್ನಾ ಮೇಡಂ ಬಂದರು. ಬೇರೆ ಕೆಲಸಕ್ಕೆ ಬಂದವರ ಹಾಗೆ ಆ ಕಡೆ ಈ ಕಡೆ ನೋಡಿ, ಕೊನೆಗೆ ಅವನ ಪಕ್ಕ ಕುರ್ಚಿ ಎಳೆದುಕೊಂಡರು. “ಬೇಜಾರ್ ಮಾಡ್ಕೋಬ್ಯಾಡ್ರಿ ಸುನೀಲ. ಆದದ್ದು ಆಯ್ತು. ಆದ್ರ ನಿಮ್ಮ ಫ್ಲೆಕ್ಸಿಂದು ಫೋಟೋ ಎಲ್ಲಾ ಕಡಿ ಓಡ್ಯಾಡಾಕತ್ತದ. ಅನುವಾದಕರಿಗಿ ಭಾಳ ಮುಜುಗರ ಆಗ್ಯಾದ. ಗುಂಪಿನ್ಯಾಗ ಎರಡು ಸಾಲು ಕ್ಷಮಾಪಣಿ ಹಾಕಿಬಿಡ್ರಿ. ಬೇಕಂದ್ರ ನಾನೇ ಬರ್ದು ಕೊಡ್ತೀನಿ.” ನಾನೇ ಬರೆದುಕೊಡುತ್ತೇನೆ ಎಂದಾಗ ಅವರ ಮುಖದಲ್ಲಿ ಖರೇ ಕರುಣೆಯಿತ್ತು, ಅದಕ್ಕೇ ಅವನ ಕಿವಿ ಕಾದವು. “ಅವರು ಬದುಕ್ಯಾರ ಅಂತ ಹೆಂಗ್ರಿ ಮೇಡಂ, ನೀವು ನೋಡಿರೇನು?” ಎಂದ, ಒರಟಾಗಿ. ಅವರು ಫೋನು ತೆಗೆದು ತೋರಿಸಿದರು.

ಅದು ಸುನೀಲನ ಮಿನೆಗಿಶಿ ಆಗಿರಲಿಲ್ಲ. ಗುಂಡಗೆ, ಕೆಂಪಗೆ, ಹಳದಿ ಸ್ವೆಟರು ಹಾಕಿದ ಒಬ್ಬ ಮುದುಕ, ನಕ್ಕಾಗ ಮೇಲಿನ ವಸಡೆಲ್ಲ ಕಾಣುತ್ತಿತ್ತು. ಮುಂದೆ ಬಟ್ಟಲು, ಬಟ್ಟಲಿನಿಂದ ಹಬೆ. ಸಂದರ್ಶನ ಮಾಡುವ ಹುಡುಗಿಯೂ ನಗುತ್ತಿದ್ದಳು. ಕೆಳಗೆ ಓಡುವ ಇಂಗ್ಲಿಷನ್ನು ಮೇಡಂ ಓದಿ ಓದಿ ಹೇಳಿದರು. ಬರೆಯೋದು ಬಿಟ್ಟಮೇಲೆ ಹಸಿವು ಚೆನ್ನಾಗಿ ಆಗುತ್ತದಂತೆ. ಇನ್ನು ಎಷ್ಟು ಕೇಳಿದರೂ ಸಂದರ್ಶನ ಕೊಡುತ್ತಾರಂತೆ, ಹೇಳಲು ಏನೂ ಉಳಿದಿಲ್ಲವಾದ್ದರಿಂದ. ಶಾಲೆ ಬಿಟ್ಟದ್ದು ಅಣ್ಣನ ದೋಣಿಯಲ್ಲಿ ಮಜಾ ಇತ್ತು ಅಂತ. “ಆ ಪ್ರಶಸ್ತಿಗಿ ಯಾಕ ಹೋಗ್ಲಿಲ್ಲಂತ್ರಿ?” ಸುನೀಲನ ದನಿ ಅವನಿಗೇ ಸಣ್ಣದಾಗಿ ಕೇಳಿತು. ಮೇಡಂ ಸ್ವಲ್ಪ ಮುಂದೆ ಓಡಿಸಿ, ನೋಡಿ, ನಕ್ಕುಬಿಟ್ಟರು. “ಹಲ್ಲು ನೋಯಾಕತ್ತಿತ್ತಂತ ನೋಡ್ರಿ. ಗಲ್ಲ ಊದಿತ್ತಂತ.” ಮುದುಕ ಎಡಗೆನ್ನೆ ಉಬ್ಬಿಸಿ ತೋರಿಸುತ್ತಿದ್ದ. ಬೆಳಿಗ್ಗೆ ಗಾಳಿಗೆ ಉಬ್ಬುತ್ತಿದ್ದ ಅದೇ ಕೆನ್ನೆ.

ಅವನಿಗೆ ಆ ಮುದುಕನ ಮೇಲೆ ಬಂದ ಸಿಟ್ಟು ಕಾಕಾನ ಮೇಲೂ ಬಂದಿರಲಿಲ್ಲ. ಸಾಯಬೇಕಿತ್ತು. ಮೊನ್ನೆ ಸತ್ತಿದ್ದರೆ ತೆಳ್ಳಗೆ, ಗಂಟುಮುಖದಲ್ಲಿ, ಹರಿದ ಆಮಂತ್ರಣದ ಅರ್ಧ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಸುನೀಲನ ಪಕ್ಕದಲ್ಲಿ ಎಂದೆಂದಿಗೂ ಇರುತ್ತಿದ್ದ. ಬದುಕಿ ಶೇವಗಿ ಕುಡಿಯುತ್ತಿದ್ದಾನೆ. ಹಾಗಂದುಕೊಂಡ ಮರುಗಳಿಗೆಯೇ ನಾಲಿಗೆ ಕಹಿಯಾಯಿತು. ಬದುಕಿರುವ ಒಬ್ಬ ಮನುಷ್ಯ ಉಣ್ಣುವುದನ್ನು ನೋಡಿ ಸಾಯಲಿಲ್ಲವಲ್ಲ ಎಂದುಕೊಂಡೆನಲ್ಲ. “ಕ್ಷಮಾಪಣಿ ನಾ ಬರೀತೀನ್ರಿ,” ಎಂದ. “ಈಗಲ್ಲ.” ಮೇಡಂ ಹೋದರು. ಹೋಗುವಾಗ ಭುಜ ತಟ್ಟಲು ಕೈ ಎತ್ತಿ, ಏನನ್ನಿಸಿತೋ, ಕುರ್ಚಿಯ ಬೆನ್ನನ್ನು ತಟ್ಟಿದರು.

ಮಶೀನು ನಿಂತಿತ್ತು. ಸುನೀಲ ಕಂಪ್ಯೂಟರಿನಲ್ಲಿ ಅಪ್ಪನ ಫೋಟೋ ತೆರೆದ. ಇದು ಮೂರನೆಯ ಸಲ. ಮಣ್ಣು ಮಾಡಿ ಬಂದ ಮರುದಿನ ಒಮ್ಮೆ, ತಿಂಗಳ ಹಿಂದೆ ಅವ್ವ ಕೇಳಿದಾಗ ಒಮ್ಮೆ ತೆರೆದು ಮುಚ್ಚಿದ್ದ. ಹೊಸ ಮೊಬೈಲು ಪರೀಕ್ಷೆ ಮಾಡಲು ತಾನೇ ಹೊಡೆದದ್ದು, ಬಸ್‌ಸ್ಟ್ಯಾಂಡಿನಲ್ಲಿ. ಅಪ್ಪ ಗೊನೆಯನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿ ಎದೆಗೆ ಹಿಡಿದಿದ್ದ. “ಹಣ್ಣು ಪೂರಾ ಬರೋಹಂಗ ತೆಗಿ. ನಾ ಬರದಿದ್ರೂ ನಡೀತದ,” ಎಂದಿದ್ದ. ಹಾಗೆಯೇ ಬಂದಿತ್ತು, ಹಣ್ಣು ಪೂರಾ, ಅಪ್ಪನ ಒಂದು ಕಿವಿ ಚೌಕಟ್ಟಿನ ಹೊರಗೆ. ಹಸಿರು ಅಂಗಿ, ಕೊರಳಗುಂಡಿ ಕಿತ್ತದ್ದು. ಹಣೆಯ ಮೇಲೆ ಬೆವರಿಗೆ ಅರ್ಧ ಕರಗಿದ ವಿಭೂತಿ. ಹಣ್ಣಿನ ಕೆಂಪು ಅವನ ಗದ್ದದ ಕೆಳಗೆ, ಕೊರಳಿಗೆ, ಗೋಡೆಗೆ ಕೂಡ ಸ್ವಲ್ಪ ಸ್ವಲ್ಪ ಹತ್ತಿತ್ತು. ಸುನೀಲನ ಬೆರಳು ಬಣ್ಣ ತೆಗೆಯುವ ಕೀಲಿಯ ಮೇಲೆ ಹೋಯಿತು. ಊರಿನವರನ್ನೆಲ್ಲ ಈ ಬೆರಳೇ ಒತ್ತಿದೆ: ಮುದುಕರು, ಬೈಕಿನಿಂದ ಬಿದ್ದ ಹುಡುಗರು, ಹೆರಿಗೆಯಲ್ಲಿ ಹೋದವಳೊಬ್ಬಳು. ಒಂದೊಂದು ಸಲ ಒತ್ತಿದಾಗಲೂ ಪರದೆಯ ಮೇಲೆ ಅವರ ಕೆನ್ನೆಯ ರಕ್ತ ಒಮ್ಮೆಲೇ ಇಳಿದು ಹೋಗುತ್ತಿತ್ತು, ಅವನು ಚಹಾ ಕುಡಿಯುತ್ತಿರುತ್ತಿದ್ದ. ಒತ್ತಿದ. ಗೊನೆ ಕಪ್ಪಾಯಿತು. ಕೆಂಪು ಎಲ್ಲಕ್ಕಿಂತ ಕಪ್ಪಾಗುತ್ತದೆ. ವಾರ ಬಿಟ್ಟ ಹಣ್ಣಿನ ಹಾಗೆ, ಸುಟ್ಟ ಏನನ್ನೋ ಎದೆಗೆ ಹಿಡಿದು ನಿಂತವನ ಹಾಗೆ ಅಪ್ಪ ನಿಂತಿದ್ದ. ಹಣ್ಣು ಕೆಟ್ಟುಹೋಯಿತಲ್ಲ ಎಂದು ಅವನ ಮುಖ ಸಣ್ಣದಾಗಿತ್ತು. ತಟ್ಟನೆ ಹಿಂದಕ್ಕೆ ತಂದ. ರಕ್ತ ವಾಪಸ್ ಬಂತು. ಸುನೀಲನಿಗೆ ಉಸಿರು ಬಂತು. ಯಾಕೆ ಮಾಡಲಿಲ್ಲ, ಯಾಕೆ ಮಾಡಲಿಲ್ಲ ಎಂದು ಇಡೀ ವರ್ಷ ಕೇಳಿದರಲ್ಲ, ಇದನ್ನು ಯಾರಿಗೆ ಹೇಳುವುದು? ಕಾಕಾ ಆಧಾರ್ ಕಾರ್ಡಿನ ಫೋಟೋ ಕೊಡುತ್ತಾನೆ. ಯಾವುದೋ ಅಂಗಡಿಯ ಯಾವನೋ ಚಹಾ ಕುಡಿಯುತ್ತ ಒತ್ತುತ್ತಾನೆ.

ಪಕ್ಕದ ಕುರ್ಚಿಯಲ್ಲಿ ಮಿನೆಗಿಶಿ ಕೂತಿದ್ದ. ಹಳದಿ ಸ್ವೆಟರಿನವನೇ. ಹೊರಗೆ ಬಿಸಿಲು ಓಣಿಯನ್ನು ಬೆಳ್ಳಗೆ ತೊಳೆದಿತ್ತು, ಹಿಮ ಬಿದ್ದ ಹಾಗೆ. ಗುಡಿಯ ಕಡೆಯಿಂದ ಬರುವ ಘಂಟೆ ದೋಣಿಯದೋ ಅನ್ನಿಸಿತು. ಅವ್ವ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ಮುದುಕ ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಇಂಥ ಬಣ್ಣದ್ದು ಕಂಡೇ ಇರಲಿಲ್ಲವೆಂಬಂತೆ. ನಿನಗೆ ಹೊಟ್ಟೆಬಾಕನೆಂದು ಹೆಸರಿಡಬೇಕು ಎಂದ ಸುನೀಲ ಮನಸ್ಸಿನಲ್ಲೇ. ನಿನ್ನನ್ನು ನನ್ನ ಅಣ್ಣನ ಹಾಗೆ ಇಟ್ಟುಕೊಂಡಿದ್ದೆ. ಮುದುಕ ಸಿಪ್ಪೆ ಸುಲಿದ. ಆ ನಿನ್ನ ದೋಣಿಯವನು ಯಾಕೆ ಇಳಿಯುವುದಿಲ್ಲ, ಹೇಳು. ಅವನಿಗೂ ಹಲ್ಲುನೋವೇ? ಮುದುಕ ಬಾಯಿತುಂಬ ಹಣ್ಣಿಟ್ಟುಕೊಂಡು ಪರದೆಯ ಕಡೆ ಬೆರಳು ತೋರಿಸಿದ, ಅಪ್ಪನ ಅಂಗಿಯ ಕಡೆ, ಕಿತ್ತ ಗುಂಡಿಯ ಕಡೆ. ಅವನ ಬೆರಳು ಒಡೆದಿತ್ತು. ಅಷ್ಟರಮಟ್ಟಿಗೆ ಟಿಕೆಟ್ ಹರಿದದ್ದು ಖರೇ ಇರಬೇಕು.

ಮಶೀನು ಓಡಿತು. ಮೊದಲು ಬೋಳುತಲೆ, ಆಮೇಲೆ ಹಣೆ, ವಿಭೂತಿ, ಕಣ್ಣು. ದಿನಾ ಕಿಟಕಿಯಲ್ಲಿ ಕಾಣುತ್ತಿದ್ದದ್ದು ತಲೆಕೆಳಗಾಗಿತ್ತು. ಇಲ್ಲಿ ತಲೆ ಮೊದಲು, ಹಣ್ಣು ಕೊನೆಗೆ. ಚಾಂದಪಾಶಾ ಬಂದು ಹಿಂದೆ ನಿಂತ. “ಅರೆ, ಇದು ಕಲರ್ ಅದ ಅಲ್ಲೋ.” ಸುನೀಲ ಹೊರಬರುತ್ತಿದ್ದ ಹಾಳೆಯ ಅಂಚು ಹಿಡಿದುಕೊಂಡ. “ದೀಪ ಇಲ್ಲ. ತಾರೀಖ್ ಇಲ್ಲ. ಹೆಸರಾ?” “ಇಲ್ಲ.” ಗೊನೆಯ ಕೆಂಪು ಹಸಿಹಸಿಯಾಗಿ ಇಳಿದು ಬರುತ್ತಿತ್ತು. ಚಾಂದಪಾಶಾ ಬೆರಳು ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದ. “ಊರಾಗ ಬೈತಾರ್ ನೋಡ್,” ಎಂದ. ಆಮೇಲೆ ತಾನೇ ಅಂಚು ಮಡಚಿ ಅಂಟಿಸಿ, ಮೂಲೆಗಳಿಗೆ ತೂತು ಹೊಡೆದು, ಒಣಗುವ ತನಕ ಸುತ್ತಬೇಡವೆಂದು ಎರಡು ಸಲ ಹೇಳಿದ.

ಸಂಜೆಯ ಬಸ್ಸಿನಿಂದ ಇಳಿದಾಗ ಬಸ್‌ಸ್ಟ್ಯಾಂಡಿನ ಮೇಲೆ ಬಿಸಿಲು ಅಡ್ಡ ಬಿದ್ದಿತ್ತು. ಕ್ಯಾಂಟೀನಿನವನಿಂದ ಏಣಿ ತೆಗೆದುಕೊಂಡು ಹತ್ತಿ ಮೊದಲು ಮಿನೆಗಿಶಿಯ ದಾರ ಬಿಚ್ಚಿದ. ಮುದುಕ ತಲೆಯ ಮೇಲಿಂದ ದೊಪ್ಪನೆ ಬಂದು ಅವನನ್ನೇ ಮುಚ್ಚಿದ. ಒಂದು ಗಳಿಗೆ ಕಪ್ಪು ಬಿಳುಪಿನ ಒಳಗೆ ಶಾಯಿಯ ಘಾಟು, ಮಬ್ಬು ಬೆಳಕು, ಹೊರಗಿನ ಸದ್ದೆಲ್ಲ ದೂರ. ಅಲ್ಲೇ ಇದ್ದುಬಿಡಬಹುದಿತ್ತು. ಕೆಳಗಿನಿಂದ ಅವ್ವನ ದನಿ ಕೇಳಿತು. “ಅದನ್ನ ಒಗೀಬ್ಯಾಡಪಾ, ಇಲ್ಲಿ ಕೊಡು. ಹಣ್ಣಿಗಿ ಬಿಸಿಲು ಬಡೀತದ.” ಕೊಟ್ಟ. ಅವಳು ಎರಡು ಮೂಲೆಯನ್ನು ಗೋಡೆಯ ಮೊಳೆಗೆ, ಎರಡನ್ನು ಕೋಲಿಗೆ ಕಟ್ಟಿ ಬುಟ್ಟಿಯ ಮೇಲೆ ನೆರಳು ಮಾಡಿಕೊಂಡಳು. ಮಿನೆಗಿಶಿ ಈಗ ಬೋರಲಾಗಿ, ಕೆಂಪು ಬಾಳೆಹಣ್ಣಿನ ಮೇಲೆ ಮುಖವಿಟ್ಟು, ಅಷ್ಟು ಹತ್ತಿರದಿಂದ ಅವನ್ನೇ ನೋಡುತ್ತಿದ್ದ.

ಸುನೀಲ ಅಪ್ಪನನ್ನು ಬಿಚ್ಚಿ ಕಟ್ಟಿದ. ನಾಲ್ಕೂ ಮೂಲೆ ಎಳೆದು ಬಿಗಿ ಮಾಡಿದ, ಗಾಳಿಗೆ ಏನೂ ಉಬ್ಬದ ಹಾಗೆ. ಇಳಿದು ನೋಡಿದ. ಹಸಿರು ಅಂಗಿಯ ಮೇಲೆ ಸಂಜೆಯ ಬಿಸಿಲು ಬಿದ್ದು, ಗೊನೆ ಕೈಯಿಂದ ಜಾರಿ ಕೆಳಗಿನ ಕಟ್ಟೆಯ ಮೇಲೆ ಬಿದ್ದೀತೋ ಎಂಬಷ್ಟು ಭಾರವಾಗಿ ಕಂಡಿತು. “ಅರೇ, ಬಾಳಿಹಣ್ಣಿನ ಶಿವಶರಣಪ್ಪಾ!” ಎಂದ ಒಬ್ಬ ಮುದಿ ಡ್ರೈವರ್, ಸ್ಟೇರಿಂಗ್ ಹಿಡಿದಲ್ಲಿಂದಲೇ, ದಾರಿಯಲ್ಲಿ ಸಿಕ್ಕವನನ್ನು ಕರೆಯುವ ಹಾಗೆ. ಅಂಬಮ್ಮ ನೆರಳಿನಿಂದ ಹೊರಗೆ ಬಂದು ತಲೆ ಎತ್ತಿದಳು. ಬಹಳ ಹೊತ್ತು ನೋಡಿದಳು. “ಆ ಅಂಗಿ ಹಸರಿತ್ತಲ್ಲಾ,” ಎಂದಳು, ಯಾರಿಗೂ ಅಲ್ಲ. “ನಾ ನೀಲಿ ಅನ್ಕೊಂಡಿದ್ದೆ.” ಅವಳ ಬಲಗೈ ಮೇಲೆದ್ದು ತನ್ನ ಬರಿ ಹಣೆಗೆ ಹೋಯಿತು, ಮೊದಲು ಕುಂಕುಮವಿರುತ್ತಿದ್ದ ಜಾಗಕ್ಕೆ, ಅಲ್ಲಿ ಮುಟ್ಟಿ, ಸುಟ್ಟ ಹಾಗೆ ಕೆಳಗಿಳಿಯಿತು. ಮತ್ತೆ ನೆರಳಿಗೆ ಹೋಗಿ ಕೂತಳು. ತಾನು ಅವಳಿಗೆ ಏನು ಮಾಡಿದೆ, ಒಳ್ಳೆಯದೋ ಕೆಟ್ಟದ್ದೋ, ಸುನೀಲನಿಗೆ ತಿಳಿಯಲಿಲ್ಲ. ಅವಳು ಬೆನ್ನು ಮಾಡಿ ಕೂತಿದ್ದಳು.

“ಇದೇನೋ ಇದು?” ಕಾಕಾ ಬಂದಿದ್ದ. ಜೊತೆಗೆ ನಾಲ್ಕೈದು ಮಂದಿ, ಬೆಳಗಿನವರೇ. “ಸತ್ತಾಂವಗ ಕಲರ್ ಹಾಕಿಯಲ್ಲೋ ಮಂಗ್ಯಾ! ಶ್ರದ್ಧಾಂಜಲಿ ಅಂತಿಲ್ಲ, ಹೆಸರಿಲ್ಲ, ನಾವು ಮನಿ ಮಂದಿ ಯಾರೂ ಇಲ್ಲ. ನೋಡಿದವ್ರು ಏನಂತಾರ? ಹುಟ್ಟಿದ ಹಬ್ಬ ಏನು ನಮ್ಮಣ್ಣಂದು? ಇಲೆಕ್ಷನ್ನಿಗಿ ನಿಂತಾನೇನು?” ಯಾರೋ ನಕ್ಕರು, ಆದರೆ ಮೇಲೆ ನೋಡಿದ ಮೇಲೆ ಆ ನಗು ಮುಂದೆ ಹೋಗಲಿಲ್ಲ. ಅದು ಕಾಕಾನಿಗೆ ಇನ್ನೂ ಸಿಟ್ಟು ತಂದಿತು. ಹತ್ತಿರ ಬಂದು ಸುನೀಲನ ಅಂಗಿಯ ತೋಳು ಹಿಡಿದ. “ಬದುಕಿದಾವನ್ನ ಸಾಯಿಸ್ತಿ. ಸತ್ತಾವನ್ನ ತಂದು ನಿಲ್ಲಿಸ್ತಿ. ನಾಲ್ಕು ಮಂದಿ ಮುಂದ ಕೇಳಾಕತ್ತೀನಿ, ಬಾಯಿಬಿಟ್ಟು ಹೇಳು. ನಿಮ್ಮಪ್ಪ ಸತ್ತಾನೋ, ಬದುಕ್ಯಾನೋ?”

ಹುಮನಾಬಾದ ಕಡೆಯ ಬಸ್ಸು ಒಳಗೆ ತಿರುಗಿತು. ಹಣ್ಣಿನವರೆಲ್ಲ ಒಮ್ಮೆಲೇ ಎದ್ದು ಕೈ ಮೇಲೆತ್ತಿ ಕಿಟಕಿಗಳ ಕಡೆ ಓಡಿದರು. ಅವ್ವನೂ ಎದ್ದಿದ್ದಳು, ಅವಳೂ ಎತ್ತರದವಳಲ್ಲ, ಹೆಬ್ಬೆರಳ ಮೇಲೆ ನಿಂತು ಒಂದು ಚಿಪ್ಪನ್ನು ಮೇಲಕ್ಕೆ ಹಿಡಿದಿದ್ದಳು. ಸುನೀಲ ತೋಳಿನಿಂದ ಕಾಕಾನ ಬೆರಳುಗಳನ್ನು ಬಿಡಿಸಿಕೊಂಡ, ಒಂದೊಂದಾಗಿ, ಗಂಟು ಬಿಚ್ಚುವವನ ಹಾಗೆ. ಬುಟ್ಟಿಯಿಂದ ಇನ್ನೊಂದು ಚಿಪ್ಪು ತೆಗೆದುಕೊಂಡ. ಬಸ್ಸಿನ ಹಿಂದಿನ ಕಿಟಕಿಯ ಕಡೆ, ಧೂಳಿನೊಳಗೆ, ನಡೆದುಹೋದ.